ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ಫೋಕಸ್: ಕಾಫಿ ತೋಟದಿಂದ ಹಳೇಬೀಡಿನವರೆಗೆ ನನ್ನ ಅನುಭವ

ಚಿಕ್ಕಮಗಳೂರು ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಹಾಕೋದು, ಸಂಜೆ ಹಣ್ಣಿನ ತೂಕ ಬರೆಯೋದು, ಬಟವಾಡೆ ಲೆಕ್ಕ ನೋಡೋದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಕ್ಯಾಮೆರಾ. ನಿಕಾನ್ ಡಿ3500, ಅದರ ಜೊತೆಗೇ ಬಂದ 18–55 ಲೆನ್ಸ್, ಆಮೇಲೆ ತಗೊಂಡ ಒಂದು 50 ಎಂಎಂ ಎಫ್ 1.8 ಲೆನ್ಸ್. ನನ್ನ ಸಾಮಾನು ಇಷ್ಟೇ. ಕಲಿಯೋಕೆ ಇದು ಧಾರಾಳ ಸಾಕು.

ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಬಂದು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಫೋಟೊ ಶಾರ್ಪ್ ಆಗಿ ಬರಲ್ವಲ್ಲ, ಯಾಕೆ? ಕಂಪೋಸಿಷನ್ ಕಲಿಯೋದು ಹೇಗೆ? ನನಗೆ ಇವೆರಡೂ ಒಂದೇ ಪ್ರಶ್ನೆ ಅನಿಸುತ್ತದೆ. ನೋಡುವವರ ಕಣ್ಣು ಫೋಟೊದಲ್ಲಿ ಎಲ್ಲಿ ಹೋಗಿ ನಿಲ್ಲಬೇಕು? ಅದನ್ನು ಮೊದಲು ಗೊತ್ತು ಮಾಡಿಕೊಂಡರೆ ಫೋಕಸ್ ಎಲ್ಲಿಡಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಫ್ರೇಮಿನಲ್ಲಿ ಏನು ಉಳಿಸಬೇಕು, ಏನು ಬಿಡಬೇಕು ಅನ್ನೋದೂ ಅದರ ಹಿಂದೆಯೇ ಬರುತ್ತದೆ.

ಈ ಕೆಲಸವನ್ನು ಕ್ಯಾಮೆರಾಗೆ ಬಿಟ್ಟರೆ ಅದು ತನಗೆ ತಿಳಿದ ಹಾಗೆ ಮಾಡುತ್ತದೆ. ಫೋಕಸ್ ಜಾಗವನ್ನು ತಾನೇ ಆರಿಸುವ ಸೆಟ್ಟಿಂಗಿನಲ್ಲಿ ಕ್ಯಾಮೆರಾ ಹೆಚ್ಚಾಗಿ ತನಗೆ ಹತ್ತಿರ ಇರುವ, ಗೆರೆ ಸ್ಪಷ್ಟವಾಗಿರುವ ವಸ್ತುವನ್ನು ಹಿಡಿಯುತ್ತದೆ. ಕಾಫಿ ತೋಟದಲ್ಲಿ ಹತ್ತಿರ ಯಾವಾಗಲೂ ಒಂದು ಎಲೆ ಇದ್ದೇ ಇರುತ್ತದೆ. ಹಿಂದೆ ನಿಂತ ಮನುಷ್ಯ ಮಸುಕು, ಎಲೆ ಮಾತ್ರ ಚೆನ್ನಾಗಿ ಶಾರ್ಪ್. ಅದಕ್ಕೇ ಕ್ಯಾಮೆರಾ ಕೈಗೆ ಬಂದ ಕೂಡಲೇ ನಾನು ಹುಡುಗರಿಂದ ಮಾಡಿಸುವ ಮೊದಲ ಬದಲಾವಣೆ ಸಿಂಗಲ್ ಪಾಯಿಂಟ್ ಫೋಕಸ್. ನನ್ನ ಕ್ಯಾಮೆರಾದ ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, 11 ಪಾಯಿಂಟ್ ಇವೆ. ಅದರಲ್ಲಿ ಒಂದನ್ನು ನಾನೇ ಆರಿಸುತ್ತೇನೆ. ಬಟನ್ ಒತ್ತಿ ಎಡಕ್ಕೆ, ಬಲಕ್ಕೆ, ಮೇಲೆ ಸರಿಸುವುದು ಕೈಗೆ ಅಭ್ಯಾಸವಾಗುವ ತನಕ ಸ್ವಲ್ಪ ತಾಳ್ಮೆ ಬೇಕು. ಆಮೇಲೆ ಬೆರಳು ತಾನಾಗೇ ಹೋಗುತ್ತದೆ.

ಶಟರ್ ಬಟನ್ನನ್ನು ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ, ಪೂರ್ತಿ ಒತ್ತಿದರೆ ಫೋಟೊ. ಒಂದೇ ಏಟಿಗೆ ಪೂರ್ತಿ ಒತ್ತಬೇಡಿ. ಅರ್ಧ ಒತ್ತಿ, ನೋಡಿ, ಆಮೇಲೆ ಒತ್ತಿ. ಫೋಕಸ್ ಸೆಟ್ಟಿಂಗ್ ಎರಡು: ನಿಂತ ವಸ್ತುವಿಗೆ ಎಎಫ್-ಎಸ್, ಒಮ್ಮೆ ಹಿಡಿದ ಫೋಕಸ್ ಅಲ್ಲೇ ನಿಲ್ಲುತ್ತದೆ; ಓಡಾಡುವ ವಸ್ತುವಿಗೆ ಎಎಫ್-ಸಿ, ಫೋಕಸ್ ವಸ್ತುವಿನ ಹಿಂದೆಯೇ ಹೋಗುತ್ತದೆ. ಕ್ಯಾನನ್ ಇರುವವರು ಇವನ್ನೇ ಒನ್ ಶಾಟ್, ಎಐ ಸರ್ವೊ ಅಂತ ನೋಡಿರುತ್ತೀರಿ. ಮಧ್ಯದ ಪಾಯಿಂಟಿನಲ್ಲೇ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿಕೊಂಡೇ ಕ್ಯಾಮೆರಾ ತಿರುಗಿಸಿ ಫ್ರೇಮ್ ಹೊಂದಿಸುವ ರೂಢಿಯೂ ಇದೆ. ದೂರದ ವಸ್ತುವಿಗೆ ಅದು ಸರಿ. ಎಫ್ 1.8ರಲ್ಲಿ ಹತ್ತಿರದ ಮುಖ ತೆಗೆಯುವಾಗ ಮಾತ್ರ ಬೇಡ. ಎಫ್ ನಂಬರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ಲೆಕ್ಕ. ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಶಾರ್ಪ್ ಬರುವ ಪದರ ತೆಳು. ಕ್ಯಾಮೆರಾ ತಿರುಗಿದಾಗ ಫೋಕಸ್ ಆದ ಪದರವೂ ತಿರುಗುತ್ತದೆ, ಕಣ್ಣು ಆ ಪದರದಿಂದ ಆಚೆ ಹೋಗುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಬೇಕಾದ ಜಾಗದ ಮೇಲೆ ಬೆರಳು ಮುಟ್ಟಿಸಿ. ಹೆಚ್ಚಿನ ಫೋನುಗಳಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ.

ಕುಯ್ಲಿನ ಕಾಲದಲ್ಲಿ ಸಂಜೆ ತೂಕಕ್ಕೆ ಮುಂಚೆ ಹೆಂಗಸರು ಹಣ್ಣಿನ ಚೀಲದ ಪಕ್ಕ ಕೂತು ಎಲೆ, ಕಡ್ಡಿ, ಕಾಯಿ ಆರಿಸುತ್ತಾರೆ. ಬಿಸಿಲು ಇಳಿದಿರುತ್ತದೆ, ಬೆಳಕು ಮೆತ್ತಗಿರುತ್ತದೆ. ಒಬ್ಬ ಅಜ್ಜಿಯನ್ನು ಕೇಳಿಕೊಂಡು ಅವರ ಕೈಯ ಫೋಟೊ ತೆಗೆಯುತ್ತಿದ್ದೆ. ‘ರೈಟ್ರೇ, ಮುಖ ಬಿಟ್ಟು ಕೈ ಯಾಕೆ ತೆಗೀತೀರಾ?’ ಅಂದರು. ‘ಇವತ್ತು ಹಣ್ಣು ಕುಯ್ದಿದ್ದು ಕೈ ಅಲ್ವಾ ಅಜ್ಜಿ’ ಅಂದೆ. ನಕ್ಕು, ‘ಹಂಗಾರೆ ಎರಡೂ ತೆಗೀರಿ’ ಅಂದರು.

ಎರಡೂ ತೆಗೆದೆ. ಕೈಯ ಫೋಟೊಗೆ ಫೋಕಸ್ ಹೆಬ್ಬೆರಳ ಉಗುರಿನ ಹತ್ತಿರ, ಹಣ್ಣು ಬೆರಳಿಗೆ ತಾಗುವ ಜಾಗದಲ್ಲಿ. ತೊಗಟೆಯ ಕರೆ ಹಿಡಿದು ಕಪ್ಪಾದ ಚರ್ಮದ ಗೆರೆ ಅಲ್ಲೇ ಕಾಣುವುದು. ಮುಖ ಹಿಂದೆ ಮಸುಕಾಗಿ ಉಳಿಯಿತು, ಅಷ್ಟು ಸಾಕು. ಮುಖದ ಫೋಟೊಗೆ ಫೋಕಸ್ ನನಗೆ ಹತ್ತಿರವಿದ್ದ ಕಣ್ಣಿಗೆ. ಮುಖ ಸ್ವಲ್ಪ ಓರೆಯಾಗಿದ್ದರೂ ಒಂದು ಕಣ್ಣು ಹತ್ತಿರ, ಇನ್ನೊಂದು ದೂರ ಆಗುತ್ತದೆ. ಹತ್ತಿರದ ಕಣ್ಣು ಶಾರ್ಪ್ ಇದ್ದರೆ ಉಳಿದದ್ದನ್ನು ಜನ ಒಪ್ಪಿಕೊಳ್ಳುತ್ತಾರೆ. ಅಜ್ಜಿ ಎಡಕ್ಕೆ ನೋಡುತ್ತಿದ್ದರು, ಹಾಗಾಗಿ ಎಡಗಡೆ ಜಾಗ ಬಿಟ್ಟೆ. ಅವರ ತಲೆಯ ಹಿಂದೆಯೇ ಒಂದು ಸಿಲ್ವರ್ ಓಕ್ ಇತ್ತು. ಹಾಗೇ ತೆಗೆದಿದ್ದರೆ ಮರ ತಲೆಯಿಂದಲೇ ಎದ್ದ ಹಾಗೆ ಕಾಣುತ್ತಿತ್ತು. ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತೆ, ಮರ ಪಕ್ಕಕ್ಕೆ ಹೋಯಿತು. ಹಿನ್ನೆಲೆ ಸರಿ ಮಾಡೋಕೆ ಎಷ್ಟೋ ಸಲ ಕಾಲು ಸರಿಸಿದರೆ ಸಾಕು. ಬಟನ್ ಒತ್ತುವ ಮುಂಚೆ ಫ್ರೇಮಿನ ನಾಲ್ಕೂ ಅಂಚಿನ ಮೇಲೆ ಕಣ್ಣು ಓಡಿಸಿ. ಅರ್ಧ ಬಕೆಟ್ಟು, ಯಾರದೋ ಮೊಣಕೈ, ಪ್ಲಾಸ್ಟಿಕ್ ಚೀಲ, ಎಲ್ಲ ಅಲ್ಲೇ ಬಂದು ಕೂತಿರುತ್ತವೆ.

ಈಗ ಕಾಫಿ ಹೂವಿನ ವಿಷಯ. ನನಗೆ ತುಂಬಾ ಪ್ರೀತಿಯ ಕೆಲಸ ಇದು, ಫೋಕಸ್ ಬಗ್ಗೆ ಜಾಸ್ತಿ ಕಲಿಸಿದ್ದೂ ಇದೇ. ಮಾರ್ಚ್–ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದರೆ ವಾರ, ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಬಾಡಿ ಕಂದಾಗುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಬೇಕು.

18–55 ಲೆನ್ಸನ್ನು ಪೂರ್ತಿ ಜೂಮ್ ಮಾಡಿ 55ಕ್ಕೆ ತಂದು, ಅದು ಫೋಕಸ್ ಹಿಡಿಯುವಷ್ಟು ಹತ್ತಿರ ಹೋಗುತ್ತೇನೆ. ನನ್ನ ಲೆನ್ಸಿಗೆ ಆ ದೂರ 25 ಸೆಂಟಿಮೀಟರ್. ಇದನ್ನು ಲೆನ್ಸಿನ ತುದಿಯಿಂದ ಅಳೆಯುವುದಿಲ್ಲ, ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರಿನಿಂದ ಅಳೆಯುತ್ತಾರೆ. ಅದಕ್ಕಿಂತ ಹತ್ತಿರ ಹೋದರೆ ಲೆನ್ಸ್ ಹಿಂದೆ ಮುಂದೆ ಹುಡುಕುತ್ತಾ ಇರುತ್ತದೆಯೇ ಹೊರತು ಫೋಕಸ್ ಆಗಲ್ಲ. ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ, ಸ್ವಲ್ಪ ಹಿಂದೆ ಬನ್ನಿ.

ಇಷ್ಟು ಹತ್ತಿರದಲ್ಲಿ ಶಾರ್ಪ್ ಆಗಿ ಬರುವ ಪದರ ಕೆಲವೇ ಮಿಲಿಮೀಟರ್ ದಪ್ಪ. ಎಫ್ 5.6 ಇದ್ದರೂ, ಎಫ್ 8 ಇದ್ದರೂ ಹಾಗೇ. ಒಂದು ಅರೇಬಿಕಾ ಹೂವಿನ ಐದು ಎಸಳೂ, ನಡುವಿನಿಂದ ಮುಂದಕ್ಕೆ ಚಾಚಿದ ಕಡ್ಡಿಯಂಥ ಶಲಾಕೆಯೂ ಒಟ್ಟಿಗೆ ಶಾರ್ಪ್ ಬರಲ್ಲ. ಹಾಗಾಗಿ ಆರಿಸಲೇಬೇಕು. ಶಲಾಕೆಯ ತುದಿ ಎರಡಾಗಿ ಸೀಳಿರುತ್ತದೆ. ನಾನು ಫೋಕಸ್ ಇಡುವುದು ಅಲ್ಲಿಗೆ. ಎಸಳು ಹಿಂದಕ್ಕೆ ಮೆತ್ತಗೆ ಕರಗಿದರೆ ಹೂವು ಚೆನ್ನಾಗಿಯೇ ಕಾಣುತ್ತದೆ. ಇಡೀ ರೆಂಬೆ ಬೇಕಾದರೆ ಬೇರೆ ಉಪಾಯ. ಹೂಗಳು ಗಿಣ್ಣು ಗಿಣ್ಣಿಗೆ ಗೊಂಚಲಾಗಿ ಸಾಲಾಗಿರುತ್ತವೆ. ಆ ರೆಂಬೆಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಬೇಕು. ಆಗ ಎಲ್ಲ ಗೊಂಚಲೂ ಒಂದೇ ದೂರದಲ್ಲಿ ಸಿಗುತ್ತವೆ. ರೆಂಬೆಯ ತುದಿ ನಿಮ್ಮ ಕಡೆ ತಿರುಗಿದ್ದರೆ ಒಂದು ಗೊಂಚಲು ಮಾತ್ರ ಶಾರ್ಪ್, ಮಿಕ್ಕಿದ್ದೆಲ್ಲ ಮಸುಕು.

ಇಲ್ಲಿ ನಾನು ಆಟೋಫೋಕಸ್ ನಂಬಿ ಕೂರುವುದಿಲ್ಲ. ಲೈವ್ ವ್ಯೂ ಹಾಕಿ, ಹೂವಿನ ಭಾಗವನ್ನು ಪರದೆಯಲ್ಲಿ ದೊಡ್ಡದು ಮಾಡಿ, ಮ್ಯಾನುಯಲ್ ಫೋಕಸ್ ಮಾಡುತ್ತೇನೆ. ಕೈಯಲ್ಲಿ ಹಿಡಿದಿದ್ದರೆ ಫೋಕಸ್ ಒಂದು ಕಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಶಾರ್ಪ್ ಕಂಡ ಕ್ಷಣ ಒತ್ತುತ್ತೇನೆ. ಸಾಲಾಗಿ ನಾಲ್ಕೈದು ಒತ್ತಿದರೆ ಒಂದಾದರೂ ಸರಿ ಬರುತ್ತದೆ. ಕಡು ಹಸಿರು ಎಲೆಗಳ ನಡುವೆ ಬಿಳಿ ಹೂವು ಇರುವುದರಿಂದ ಕ್ಯಾಮೆರಾ ಬೆಳಕನ್ನು ಜಾಸ್ತಿ ತಗೊಂಡು ಎಸಳಿನ ನರವನ್ನೆಲ್ಲ ಅಳಿಸಿಬಿಡುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಫೋಟೊಗೆ ಬೀಳುವ ಬೆಳಕನ್ನು, ಸ್ವಲ್ಪ ಮೈನಸ್ ಕಡೆ ತನ್ನಿ.

ಇದೇ ಪದರದ ಲೆಕ್ಕ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಮುಂದೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬುಡದ ಸಾಲಿನಲ್ಲಿ ಆನೆಗಳು ಒಂದರ ಹಿಂದೆ ಒಂದು ಹೋಗುತ್ತವೆ. ಗೋಡೆಗೆ ಓರೆಯಾಗಿ ನಿಂತರೆ ಆ ಸಾಲು ಕಣ್ಣನ್ನು ಒಳಕ್ಕೆ ಎಳೆದುಕೊಂಡು ಹೋಗುವ ಗೆರೆ ಆಗುತ್ತದೆ. ಯಾವ ಆನೆ? ಅದೇ ಪ್ರಶ್ನೆ. 50 ಎಂಎಂ ಲೆನ್ಸಿನಲ್ಲಿ ಒಂದು ಮೀಟರ್ ದೂರದ ಆನೆಗೆ ಎಫ್ 1.8 ಇಟ್ಟು ಫೋಕಸ್ ಮಾಡಿದರೆ ಶಾರ್ಪ್ ಬರುವ ಆಳ ಸುಮಾರು 3 ಸೆಂಟಿಮೀಟರ್. ಒಂದು ಆನೆಯ ಸೊಂಡಿಲು ಸಿಗುತ್ತದೆ, ಹಿಂದಿನ ಆನೆಗಳು ಬರೀ ಆಕಾರ. ಅಲ್ಲೇ ನಿಂತು ಎಫ್ 8 ಮಾಡಿದರೆ ಆಳ ಸುಮಾರು 13 ಸೆಂಟಿಮೀಟರ್. ಎಫ್ 8 ಹಾಗೇ ಇಟ್ಟು ಎರಡು ಮೀಟರಿಗೆ ಹಿಂದೆ ಸರಿದರೆ ಸುಮಾರು ಅರ್ಧ ಮೀಟರ್. ದೂರ ಎರಡರಷ್ಟಾದರೆ ಆಳ ಹೆಚ್ಚು ಕಡಿಮೆ ನಾಲ್ಕರಷ್ಟಾಗುತ್ತದೆ. ಎಫ್ ನಂಬರನ್ನು ಅಷ್ಟು ಬದಲಾಯಿಸಿದ್ದಕ್ಕೆ ಹೆಚ್ಚು ಕಡಿಮೆ ಸಮನಾದ ಕೆಲಸವನ್ನು ಎರಡು ಹೆಜ್ಜೆ ಹಿಂದೆ ಹೋಗುವುದೂ ಮಾಡುತ್ತದೆ ಅನ್ನೋದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಮೂರೂ ಬಗೆಯಲ್ಲಿ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ.

ದೊಡ್ಡ ವಿಗ್ರಹಗಳಿರುವ ಹಿಂಭಾಗದ ಗೋಡೆ ಪಶ್ಚಿಮಕ್ಕಿದೆ. ಬೆಳಿಗ್ಗೆ ಅಲ್ಲಿ ನೆರಳು. ಮಧ್ಯಾಹ್ನದ ಮೇಲೆ ಬಿಸಿಲು ಓರೆಯಾಗಿ ಬೀಳೋಕೆ ಶುರುವಾದಾಗ ಬಳಪದ ಕಲ್ಲಿನ ಒಡವೆ, ಬೆರಳು, ಬಳ್ಳಿ ಎಲ್ಲ ಎದ್ದು ಕಾಣುತ್ತವೆ. ಕ್ಯಾಮೆರಾ ಫೋಕಸ್ ಹಿಡಿಯೋಕೂ ಆ ನೆರಳು ಬೆಳಕಿನ ಅಂಚೇ ಬೇಕು. ಗೋಡೆ ನೇರವಾಗಿಲ್ಲ, ಮಡಿಕೆ ಮಡಿಕೆಯಾಗಿದೆ. ಒಂದು ಮಡಿಕೆಯಲ್ಲಿ ಬೆಳಕು ಚಪ್ಪಟೆ ಅನಿಸಿದರೆ ಪಕ್ಕದ ಮಡಿಕೆಯಲ್ಲಿ ಓರೆ ಬೆಳಕು ಸಿಗುತ್ತದೆ. ಟ್ರೈಪಾಡ್ ಬಳಸೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಹಿಡಿದು ತೆಗೆಯೋದು ಕಲಿಯಿರಿ.

ಬೇಲೂರಿನ ಮದನಿಕೆಯರು ಮೇಲೆ, ಸೂರಿನ ಕೆಳಗೆ ಇದ್ದಾರೆ. ಬುಡದಲ್ಲೇ ನಿಂತು ಕತ್ತು ಎತ್ತಿ ತೆಗೆದರೆ ಗಲ್ಲವೇ ದೊಡ್ಡದಾಗುತ್ತದೆ. ಜಗತಿಯ ಮೇಲೆ, ಅಂದರೆ ದೇವಸ್ಥಾನ ನಿಂತ ಕಟ್ಟೆಯ ಮೇಲೆ, ಆದಷ್ಟು ಹಿಂದೆ ಸರಿದು ಜೂಮ್ ಮಾಡಿ. ದರ್ಪಣ ಸುಂದರಿಯ ಮುಖಕ್ಕೂ ಕನ್ನಡಿಗೂ ಬೇರೆ ಬೇರೆ ಫೋಕಸ್ ಬೇಕಾಗಿಲ್ಲ, ಅಷ್ಟು ದೂರದಿಂದ ಎರಡೂ ಶಾರ್ಪ್ ಬರುತ್ತವೆ. ಅವಳ ನೋಟಕ್ಕೂ ಕನ್ನಡಿಗೂ ನಡುವಿನ ಜಾಗವನ್ನು ಮಾತ್ರ ಕತ್ತರಿಸಬೇಡಿ. ಆ ಶಿಲ್ಪ ಇರುವುದೇ ಅಲ್ಲಿ.

ಮುಳ್ಳಯ್ಯನಗಿರಿಗೆ ಹೋದವರ ದೂರು ಮಂಜು. 1,930 ಮೀಟರ್ ಎತ್ತರ, ಮಂಜು ಬರದೇ ಇರುತ್ತಾ? ಆಟೋಫೋಕಸ್‌ಗೆ ಕಪ್ಪು ಬಿಳುಪಿನ ವ್ಯತ್ಯಾಸ ಬೇಕು. ಬರೀ ಮಂಜಿಗೆ ಗುರಿ ಇಟ್ಟರೆ ಲೆನ್ಸ್ ಹುಡುಕುತ್ತಲೇ ಇರುತ್ತದೆ. ಮೆಟ್ಟಿಲಿನ ಅಂಚು, ಗುಡ್ಡದ ಏಣು, ಮುಂದೆ ನಡೆಯುವವರ ಕೊಡೆ, ಯಾವುದಾದರೂ ಗಟ್ಟಿ ಗೆರೆ ಹುಡುಕಿ. ಮಧ್ಯದ ಪಾಯಿಂಟ್ ಬಳಸಿ. ಕಡಿಮೆ ಬೆಲೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅದೊಂದೇ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವುದು. ಮಂಜು ಸರಿದು ಬೆಟ್ಟಸಾಲು ಕಂಡಾಗ ಮುಂದಿನ ಹುಲ್ಲೂ ಬೇಕು, ಹಿಂದಿನ ಬೆಟ್ಟವೂ ಬೇಕು ಅನಿಸುತ್ತದೆ. ಆಗ 18 ಎಂಎಂ, ಎಫ್ 8 ಇಟ್ಟು ಸುಮಾರು ಎರಡು ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿ. ನನ್ನದರಂಥ ಎಪಿಎಸ್-ಸಿ ಅನ್ನೋ ಅಳತೆಯ ಸೆನ್ಸರಿನಲ್ಲಿ ಹೆಚ್ಚು ಕಡಿಮೆ ಒಂದು ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲ ಚೆನ್ನಾಗಿ ಬರುತ್ತದೆ. ಲೆನ್ಸಿನ ಮುಂದಿನ ಗಾಜನ್ನು ಆಗಾಗ ಒರೆಸಿ. ಅದರ ಮೇಲೆ ಹನಿ ಕೂತರೆ ಫೋಕಸ್ ತಪ್ಪಿದ ಹಾಗೇ ಕಾಣುತ್ತದೆ.

ಮೂರನೇ ಒಂದು ಭಾಗದ ನಿಯಮವನ್ನು ಇಷ್ಟು ತಡವಾಗಿ ಎತ್ತಿದ್ದಕ್ಕೆ ಕಾರಣ ಇದೆ. ಫ್ರೇಮನ್ನು ಅಡ್ಡಲಾಗಿ ಮೂರು, ಉದ್ದಕ್ಕೆ ಮೂರು ಪಾಲು ಮಾಡಿ, ಗೆರೆ ಕೂಡುವ ಜಾಗದಲ್ಲಿ ಮುಖ್ಯ ವಸ್ತು ಇಡಿ ಅನ್ನೋದು ಒಳ್ಳೆಯ ಆರಂಭ. ಲೈವ್ ವ್ಯೂನಲ್ಲಿ ಗ್ರಿಡ್ ಹಾಕಿಕೊಂಡರೆ ನೆಲ ಓರೆಯಾಗುವುದೂ ತಪ್ಪುತ್ತದೆ. ಆದರೆ ಎಲ್ಲ ಕಡೆ ಅದನ್ನೇ ಹಿಡಿದು ಕೂರಬಾರದು. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿ. ಗೊರೂರು ಅಣೆಕಟ್ಟಿನ ಹಿನ್ನೀರು ತುಂಬಿದಾಗ ಅದು ನೀರಿನಲ್ಲಿ ನಿಂತಿರುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ಕಮಾನುಗಳು ನೀರಿನಲ್ಲಿ ತಲೆಕೆಳಗಾಗಿ ಪೂರ್ತಿ ಮೂಡುತ್ತವೆ. ಮೇಲೂ ಕೆಳಗೂ ಸಮ. ಅಲ್ಲಿ ನಾನು ನೀರಿನ ಗೆರೆಯನ್ನು ಸರಿಯಾಗಿ ಮಧ್ಯಕ್ಕೇ ಇಡುತ್ತೇನೆ. ಪ್ರತಿಬಿಂಬಕ್ಕೆ ಫೋಕಸ್ ಇಟ್ಟರೆ ಕ್ಯಾಮೆರಾ ನೀರಿನ ಮೇಲ್ಮೈಗೆ ಫೋಕಸ್ ಮಾಡುತ್ತದೆ ಅಂತ ಹಲವರು ತಿಳಿದಿದ್ದಾರೆ, ಹಾಗಲ್ಲ. ಪ್ರತಿಬಿಂಬದ ದೂರ ಅಂದರೆ ನಿಮ್ಮಿಂದ ನೀರಿಗೆ, ನೀರಿನಿಂದ ಕಟ್ಟಡಕ್ಕೆ ಇರುವ ಎರಡೂ ದೂರ ಸೇರಿದ್ದು. ಅದು ಕಟ್ಟಡದ ದೂರಕ್ಕೆ ಹತ್ತಿರವೇ ಇರುತ್ತದೆ. ಕಾಲ ಬಳಿ ತೇಲುವ ಎಲೆ ಶಾರ್ಪ್ ಬೇಕಾದರೆ ಅದಕ್ಕೆ ಬೇರೆ ಫೋಕಸ್, ಇಲ್ಲವೇ ಎಫ್ ನಂಬರ್ ದೊಡ್ಡದು ಬೇಕು.

ರಾತ್ರಿ ಮನೆಯಲ್ಲಿ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡುತ್ತೇನೆ. ಮಸುಕಾದ ಫೋಟೊಗಳನ್ನು ಕೂಡಲೇ ಅಳಿಸಬೇಡಿ, ಮೊದಲು ಕಾರಣ ಹುಡುಕಿ. ಮುಖ ಮಸುಕು, ಆದರೆ ಹಿಂದಿನ ಗಿಡವೋ ಮುಂದಿನ ಎಲೆಯೋ ಶಾರ್ಪ್ ಇದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಪಾಯಿಂಟ್ ಎಲ್ಲಿತ್ತು ನೋಡಿ. ಫ್ರೇಮಿನಲ್ಲಿ ಯಾವುದೂ ಶಾರ್ಪ್ ಇಲ್ಲ, ಎಲ್ಲ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. 55 ಎಂಎಂನಲ್ಲಿ ಶಟರ್ 1/80 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ನೋಡಿಕೊಳ್ಳಿ, ಬೆಳಕು ಸಾಲದಿದ್ದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್, ಏರಿಸಿ. ಚೀಲ, ನೆಲ, ಮುಖ ಎಲ್ಲ ಶಾರ್ಪ್ ಇದ್ದು ಕಾಫಿ ಆರಿಸುವ ಬೆರಳು ಮಾತ್ರ ಮಸುಕಾಗಿದ್ದರೆ ಬೆರಳು ಓಡಿದೆ ಅಂತ ಅರ್ಥ. ಅದಕ್ಕೆ 1/250 ಅಥವಾ ಇನ್ನೂ ವೇಗ ಬೇಕು. ಕೆಲಸದ ಓಟ ಕಾಣಲಿ ಅಂತ ನಾನು ಕೆಲವು ಸಲ ಬೇಕೆಂದೇ 1/30ಕ್ಕೆ ಇಳಿಸಿ, ಕಂಬಕ್ಕೆ ಒರಗಿ ನಿಂತು, ಫೋಕಸ್ ಮುಖಕ್ಕೆ ಇಟ್ಟು ಬೆರಳನ್ನು ಓಡಲು ಬಿಡುತ್ತೇನೆ.