ಎಡಿನ್‌ಬರೋ: ಏರುವುದು ಚಕ್ರದ ಮೇಲೆ, ಇಳಿಯುವುದು ಕಾಲ ಮೇಲೆ

ಕಳೆದ ಜೂನ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹೊರಟು ಸುಮಾರು ನಾಲ್ಕೂವರೆ ಗಂಟೆಯ ರೈಲು ಪ್ರಯಾಣದ ನಂತರ ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋದ ವೇವರ್ಲಿ ನಿಲ್ದಾಣದಲ್ಲಿ ಇಳಿದಾಗ, ನಾವು ತಂಗಬೇಕಿದ್ದ ಮನೆ ಫೋನಿನ ನಕ್ಷೆಯ ಪ್ರಕಾರ ಕೇವಲ 300 ಮೀಟರ್ ದೂರದಲ್ಲಿತ್ತು. ಅಮ್ಮನಿಗೆ 68 ವರ್ಷ, ಎರಡೂ ಮಂಡಿಗಳಲ್ಲಿ ನೋವು; ಆದರೂ ಇಷ್ಟು ದೂರಕ್ಕೆ ಟ್ಯಾಕ್ಸಿ ಏಕೆಂದು ನಾನೇ ತೀರ್ಮಾನಿಸಿದೆ. ನಕ್ಷೆ ನಮ್ಮನ್ನು ಕರೆದೊಯ್ದು ನಿಲ್ಲಿಸಿದ್ದು ಫ್ಲೆಶ್‌ಮಾರ್ಕೆಟ್ ಕ್ಲೋಸ್ ಎಂಬ ಕಡಿದಾದ ಮೆಟ್ಟಿಲುಗಳ ಓಣಿಯ ಬುಡದಲ್ಲಿ. ಹೆಸರಿನ ಅರ್ಥವನ್ನು ಅಮ್ಮ ಕೇಳಿದರು. ಹಿಂದಿನ ಕಾಲದಲ್ಲಿ ಮಾಂಸದ ಮಾರುಕಟ್ಟೆಗೆ ಹೋಗುತ್ತಿದ್ದ ದಾರಿ ಎಂದೆ. ‘ಮೊಟ್ಟೆ ಸಹ ಮುಟ್ಟದವಳನ್ನು ಕರೆತಂದು ಮೊದಲು ತೋರಿಸುವ ಜಾಗ ಇದೇನಪ್ಪಾ’ ಎನ್ನುತ್ತಲೇ ನಡುವೆ ನಾಲ್ಕು ಕಡೆ ನಿಂತು ಹತ್ತಿದರು. ಆ ಸಂಜೆ ಅವರು ಕೋಣೆಯಿಂದ ಹೊರಗೆ ಬರಲಿಲ್ಲ.

ನಕ್ಷೆಯಲ್ಲಿ ದೂರ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಎಡಿನ್‌ಬರೋದಲ್ಲಿ ಎತ್ತರವೇ ಮುಖ್ಯ. ಕೋಟೆ ನಿಂತಿರುವ ಬಂಡೆ ಸುಮಾರು 35 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಕೊರಳಿನಲ್ಲಿ ಗಟ್ಟಿಯಾದ ಕಲ್ಲು. ಹಿಮಯುಗದಲ್ಲಿ ಪಶ್ಚಿಮದಿಂದ ಸರಿದು ಬಂದ ಹಿಮನದಿಯು ಈ ಬಂಡೆಯನ್ನು ಕೊರೆಯಲಾಗದೆ ಎರಡು ಪಕ್ಕಗಳಲ್ಲಿ ಹರಿದು ಹೋಯಿತು. ಬಂಡೆಯ ಮರೆಯಲ್ಲಿ ಪೂರ್ವಕ್ಕೆ ಉಳಿದುಕೊಂಡ ಮೆದು ಕಲ್ಲು ಬಾಲದಂತೆ ಇಳಿಜಾರಾಯಿತು. ತಲೆಯ ಮೇಲೆ ಕೋಟೆ, ಬೆನ್ನಿನುದ್ದಕ್ಕೂ ರಾಯಲ್ ಮೈಲ್ ಎಂಬ ಬೀದಿ, ಬಾಲದ ತುದಿಯಲ್ಲಿ ಹೋಲಿರೂಡ್ ಅರಮನೆ, ಬೆನ್ನೆಲುಬಿನ ಎರಡೂ ಬದಿಗೆ ಪಕ್ಕೆಲುಬುಗಳಂತೆ ಕೆಳಗಿಳಿಯುವ ಓಣಿಗಳು: ಹಳೆಯ ಪಟ್ಟಣದ ರಚನೆ ಇಷ್ಟೇ. ನಕ್ಷೆಯಲ್ಲಿ ಕೂಡಿದಂತೆ ಕಾಣುವ ನಾಲ್ಕನೆಯ ಜಾರ್ಜ್ ಸೇತುವೆಯ ರಸ್ತೆಯೂ ಕೌಗೇಟ್ ರಸ್ತೆಯೂ ವಾಸ್ತವದಲ್ಲಿ ಒಂದರ ಮೇಲೊಂದು ಹಾದುಹೋಗುತ್ತವೆ. ಪಕ್ಕದ ಸೌತ್ ಬ್ರಿಜ್‌ಗೆ 19 ಕಮಾನುಗಳಿದ್ದರೂ ಕಣ್ಣಿಗೆ ಬೀಳುವುದು ಒಂದೇ, ಉಳಿದವು ಕಟ್ಟಡಗಳ ಹಿಂದೆ ಅಡಗಿವೆ.

ಅಂದು ರಾತ್ರಿ ಕುಳಿತು ಇಡೀ ಕಾರ್ಯಕ್ರಮವನ್ನು ಬದಲಿಸಿದೆ. ಏರುವುದೆಲ್ಲ ಬಸ್ಸು ಇಲ್ಲವೇ ಟ್ಯಾಕ್ಸಿಯಲ್ಲಿ, ಇಳಿಯುವುದು ಮಾತ್ರ ನಡೆದು. ಅದರಲ್ಲೂ ಇಳಿಜಾರು ಬೇರೆ, ಇಳಿಮೆಟ್ಟಿಲು ಬೇರೆ ಎಂಬುದು ಮಂಡಿನೋವಿನವರನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ನೆನಪಿರಬೇಕು; ಮೆಟ್ಟಿಲು ಇಳಿಯುವಾಗಲೇ ಮಂಡಿಗೆ ಹೆಚ್ಚು ನೋವು. ಆದ್ದರಿಂದ ಓಣಿಗಳನ್ನು ಮೇಲಿನಿಂದ ಇಣುಕಿ ನೋಡುವುದೆಂದೂ, ನಡಿಗೆ ಬೆನ್ನೆಲುಬಿನ ರಸ್ತೆಯಲ್ಲಿ ಮಾತ್ರವೆಂದೂ ನಿಶ್ಚಯಿಸಿದೆವು.

ಮರುದಿನ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಕೋಟೆಯ ಸಮೀಪದವರೆಗೆ ಹೋದೆವು. ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಸಮಯ ಗೊತ್ತುಮಾಡಿ ಕೊಂಡಿದ್ದೆ. ಒಳಗೂ ಏರು ಇದೆ. ನಡೆಯಲು ಕಷ್ಟವಿರುವವರನ್ನು ಮೇಲಕ್ಕೆ ಒಯ್ಯುವ ವಾಹನವಿದೆಯೆಂದು ವಿಚಾರಿಸಿದಾಗ ತಿಳಿಯಿತು, ಅಮ್ಮ ಅದರಲ್ಲಿ ಕುಳಿತು ನಮಗಿಂತ ಮೊದಲು ತಲುಪಿದರು. ಅವರಿಗೆ ಹಿಡಿಸಿದ್ದು ರಾಜಕಿರೀಟವಲ್ಲ, ನಗರದ ಅತ್ಯಂತ ಹಳೆಯ ಕಟ್ಟಡವಾದ ಸಂತ ಮಾರ್ಗರೆಟ್‌ಳ ಪ್ರಾರ್ಥನಾಮಂದಿರ. 12ನೆಯ ಶತಮಾನದಲ್ಲಿ ಒಂದನೆಯ ಡೇವಿಡ್ ದೊರೆ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ, ನಮ್ಮೂರಿನ ಚಿಕ್ಕ ಗುಡಿಯ ಗರ್ಭಗೃಹದಷ್ಟೇ ಆಪ್ತವಾದ ಕೋಣೆ ಅದು. ಭಾನುವಾರ ಬಿಟ್ಟು ಉಳಿದ ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹಾರಿಸುವ ತೋಪಿಗೂ ಕಾದೆವು. ಬಂದರಿನ ಹಡಗುಗಳಿಗೆ ಗಡಿಯಾರ ಸರಿಪಡಿಸಿಕೊಳ್ಳಲು ನೆರವಾಗಲೆಂದು 1861ರಲ್ಲಿ ಆರಂಭವಾದ ಪದ್ಧತಿ ಇದು. ಶ್ರೀರಂಗಪಟ್ಟಣದ ಸೊಸೆಯಾದ ಅಮ್ಮನಿಗೆ ತೋಪಿನ ಸದ್ದಿನ ನಡುವೆ ಇನ್ನೊಂದು ವಿಷಯ ಹೇಳಿದೆ: 1799ರ ಮೇ 4ರಂದು ಅಲ್ಲಿನ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್ ಇದೇ ಎಡಿನ್‌ಬರೋ ಪಕ್ಕದ ಈಸ್ಟ್ ಲೋಥಿಯನ್ ಸೀಮೆಯವನು, ಅದಕ್ಕೂ ಮೊದಲು ಅದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಅಮ್ಮ ಸ್ವಲ್ಪ ಹೊತ್ತು ಆ ತೋಪಿನ ಕಡೆಗೇ ನೋಡುತ್ತಿದ್ದರು.

ಮಧ್ಯಾಹ್ನ ರಾಯಲ್ ಮೈಲ್ ಇಳಿದೆವು. ಸುಮಾರು 1.8 ಕಿಲೋಮೀಟರಿಗೆ ಮೂರು ಗಂಟೆ ತೆಗೆದುಕೊಂಡೆವು. ಸೇಂಟ್ ಜೈಲ್ಸ್ ಚರ್ಚಿನವರೆಗೆ ಜನಜಂಗುಳಿ, ಬ್ಯಾಗ್‌ಪೈಪ್, ಒಂದೇ ಬಗೆಯ ಶಾಲು ಮಾರುವ ಅಂಗಡಿಗಳ ಸಾಲು. ಅಲ್ಲಿಂದ ಕೆಳಗೆ ಕ್ಯಾನನ್‌ಗೇಟ್ ಭಾಗ ಶಾಂತವಾಗಿದ್ದು ನನಗೆ ಹೆಚ್ಚು ಇಷ್ಟವಾಯಿತು; ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್‌ನ ಸಮಾಧಿ ಅಲ್ಲಿಯ ಚರ್ಚಿನ ಅಂಗಳದಲ್ಲಿದೆ, ಕೂರಲು ಬೆಂಚುಗಳೂ ಇವೆ.

ಊಟದ ವಿಷಯದಲ್ಲಿ ಏಟು ತಿಂದದ್ದು ಅದೇ ದಿನ. ಒಂದು ಕೆಫೆಯಲ್ಲಿ ಬೇಳೆಯ ಸೂಪ್ ಎಂದು ಬರೆದಿತ್ತು. ಬಣ್ಣ, ಗಟ್ಟಿತನ ಎಲ್ಲವೂ ನಮ್ಮ ತೊವ್ವೆಯ ಹಾಗೆಯೇ. ಎರಡು ಚಮಚದ ಬಳಿಕ ಅಮ್ಮ ‘ಏನೋ ಬೇರೆ ವಾಸನೆ’ ಎಂದರು. ಕೇಳಿದರೆ, ಹಂದಿಯ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿದ್ದಂತೆ. ಸ್ಕಾಟ್‌ಲೆಂಡಿನಲ್ಲಿ ಇದು ಸಾಂಪ್ರದಾಯಿಕ ಕ್ರಮವೇ ಆದ್ದರಿಂದ ತಪ್ಪು ಕೇಳದೆ ತರಿಸಿದ ನನ್ನದು. ಆಲೂಗೆಡ್ಡೆಯ ಚಿಪ್ಸ್ ಕೂಡ ನಂಬುವಂತಿಲ್ಲ; ಅನೇಕ ಅಂಗಡಿಗಳಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಇಲ್ಲವೇ ಮೀನು ಕರಿದ ಎಣ್ಣೆಯಲ್ಲಿ ಕರಿಯುತ್ತಾರೆ. ಅಂದಿನಿಂದ ‘ಇದರಲ್ಲಿ ಮಾಂಸವಿದೆಯೇ’ ಎಂದು ಕೇಳುವುದನ್ನು ಬಿಟ್ಟು, ಯಾವ ನೀರಿನಲ್ಲಿ ಬೇಯಿಸಿದ್ದು, ಯಾವುದರಲ್ಲಿ ಕರಿದದ್ದು ಎಂದು ಕೇಳತೊಡಗಿದೆ. ಯಾರೂ ಬೇಸರಿಸದೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಹೇಳಿದರು.

ಹ್ಯಾಗಿಸ್ ಎಂಬುದು ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಮೆಣಸಿನೊಡನೆ ಬೇಯಿಸುವ ತಿನಿಸು; ನಮಗೆ ದೂರದ ಮಾತು. ಆದರೆ ಬೇಳೆಕಾಳು, ತರಕಾರಿ, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಇಲ್ಲಿ ಸುಲಭವಾಗಿ ಸಿಗುತ್ತದೆ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಕುಟುಂಬ ಅದನ್ನು 1984ರಲ್ಲಿ, ನಗರದ ಕಾವ್ಯ ಗ್ರಂಥಾಲಯದ ಉದ್ಘಾಟನೆಗಾಗಿ ತಯಾರಿಸಿತು. ಹಿಸುಕಿದ ಆಲೂಗೆಡ್ಡೆ ಮತ್ತು ಕಿತ್ತಳೆ ಬಣ್ಣದ ಟರ್ನಿಪ್ಪಿನ ಜೊತೆ ತಟ್ಟೆಗೆ ಬಂದಾಗ ಅಮ್ಮ ಕಾಳುಮೆಣಸಿನ ಘಾಟನ್ನು ಕೂಡಲೇ ಗುರುತಿಸಿದರು. ಮೂರು ದಿನಗಳಲ್ಲಿ ಎರಡು ಬಾರಿ ಅದನ್ನೇ ಬಯಸಿ ತಿಂದರು. ಬೆಳಗಿನ ಉಪ್ಪು ಹಾಕಿದ ಓಟ್ಸ್ ಗಂಜಿಯೂ ಅವರಿಗೆ ಒಗ್ಗಿತು. ರಾಸ್ಪ್‌ಬೆರಿ, ಕೆನೆ, ಓಟ್ಸ್ ಸೇರಿಸುವ ಕ್ರ್ಯಾನಕನ್ ಎಂಬ ಸಿಹಿಯನ್ನು ಮಾತ್ರ ಸಮಯಕ್ಕೆ ತಡೆದೆ, ಅದಕ್ಕೆ ವಿಸ್ಕಿ ಹಾಕುತ್ತಾರೆ. ಆ ಬಟ್ಟಲು ನನ್ನ ಪಾಲಿಗೆ ಬಂತು, ದೂರೇನೂ ಇಲ್ಲ. ಸಂಜೆ ಬಹಳ ಕಡೆ ಅಡುಗೆಮನೆ ಬೇಗ ಮುಚ್ಚುವುದರಿಂದ ಏಳು ಗಂಟೆಗೇ ಊಟಕ್ಕೆ ಕೂರುವುದು ಕ್ಷೇಮ.

ಎರಡನೆಯ ದಿನವನ್ನು ಚೇಂಬರ್ಸ್ ಬೀದಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಮೀಸಲಿಟ್ಟೆವು. ಪ್ರವೇಶ ಉಚಿತ, ಲಿಫ್ಟ್ ಇದೆ, ತದ್ರೂಪಿ (ಕ್ಲೋನ್) ಕುರಿ ಎಂದು ಹೆಸರಾದ ಡಾಲಿ ಗಾಜಿನ ಪೆಟ್ಟಿಗೆಯಲ್ಲಿ ನಿಂತಿದೆ. ರಾತ್ರಿ ಒಂಬತ್ತಾದರೂ ಬೆಳಕು ಇದ್ದುದರಿಂದ ಅಮ್ಮನನ್ನು ಕೋಣೆಯಲ್ಲಿ ಬಿಟ್ಟು ನಾನೂ ಹೆಂಡತಿಯೂ ಕಾಲ್ಟನ್ ಗುಡ್ಡ ಹತ್ತಿದೆವು. 1826ರಲ್ಲಿ ಆರಂಭಿಸಿ ಹಣ ಸಾಲದೆ 12 ಕಂಬಗಳಿಗೇ ನಿಂತುಹೋದ ರಾಷ್ಟ್ರೀಯ ಸ್ಮಾರಕ ಅಲ್ಲಿದೆ. ಫೋಟೊ ತೋರಿಸಿದಾಗ ಅಮ್ಮ, ‘ನಮ್ಮ ಸಮುದಾಯ ಭವನದ ಹಾಗೆಯೇ’ ಎಂದರು.

ಹೊರಡುವ ದಿನ ಸಕ್ಕರೆ, ಬೆಣ್ಣೆ, ಗಟ್ಟಿ ಹಾಲಿನಿಂದ ಮಾಡುವ, ಹಾಲಿನ ಬರ್ಫಿಯ ರುಚಿಯೇ ಇರುವ ಟ್ಯಾಬ್ಲೆಟ್ ಎಂಬ ಸಿಹಿಯನ್ನು ಎರಡು ಪೊಟ್ಟಣ ಕೊಂಡು, ಅದೇ 300 ಮೀಟರಿಗೆ ಟ್ಯಾಕ್ಸಿ ಕರೆಸಿದೆ. ಸುತ್ತುಬಳಸಿ ಹೋದ ಅದು ನಿಲ್ದಾಣ ಮುಟ್ಟಲು ಹತ್ತು ನಿಮಿಷ ತೆಗೆದುಕೊಂಡಿತು.