ಹಲ್ಲಿನ ಕ್ಲಿನಿಕ್ಕಿನ ಕಾರ್ಡುಗಳು ಕಂಪ್ಯೂಟರಿಗೆ ಬಂದ ಬಗೆ

ಹಳೆಯ ದಂತ ಚಿಕಿತ್ಸಾಲಯಗಳನ್ನು ಡಿಜಿಟಲ್ ವ್ಯವಸ್ಥೆಗೆ ತರುವ ಕೆಲಸವನ್ನು ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಾನು ವೈದ್ಯನಲ್ಲ, ಕಂಪ್ಯೂಟರ್, ನೆಟ್‌ವರ್ಕ್ ಮತ್ತು ಎಕ್ಸ್‌ರೇ ಸೆನ್ಸರುಗಳ ಜೋಡಣೆ ನನ್ನ ವೃತ್ತಿ. ಗಾಂಧಿ ಬಜಾರಿನಿಂದ ನಡೆದೇ ಹೋಗಬಹುದಾದ ಬಸವನಗುಡಿಯ ಒಂದು ಕ್ಲಿನಿಕ್ಕಿನಲ್ಲಿ ನಾವು ಮಾಡಿದ ಕೆಲಸವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಯಂತ್ರ ಕೊಳ್ಳುವ ಮೊದಲು ದಾಖಲೆಗಳನ್ನು ಸರಿಪಡಿಸಬೇಕೆಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿಯೇ.

ವೈದ್ಯರು ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು, ಮೂರು ತಲೆಮಾರಿನ ಕುಟುಂಬಗಳಿಗೆ ಚಿಕಿತ್ಸೆ ನೀಡಿದವರು. ಅವರು ನನ್ನನ್ನು ಕರೆಸಿದ್ದು ಸ್ಕ್ಯಾನರಿಗಾಗಿ. ಕ್ಯಾಪ್ ಹಾಕುವಾಗ ಬಾಯಿಗೆ ಪೇಸ್ಟ್ ತುಂಬಿ ಅಳತೆ ತೆಗೆಯುವ ಬದಲು, ಪುಟ್ಟ ಕ್ಯಾಮೆರಾವನ್ನು ಬಾಯೊಳಗೆ ಆಡಿಸಿ ಹಲ್ಲುಗಳ ಮೂರು ಆಯಾಮದ ಚಿತ್ರ ಪಡೆಯುವ ಯಂತ್ರ ಅದು. ಬೆಲೆ ಲಕ್ಷಗಳಲ್ಲಿ. ಆ ಹಣ ಹಾಕುವ ಮುನ್ನ ಕೆಲವು ದಿನ ರಿಸೆಪ್ಷನ್ ಮೇಜಿನ ಪಕ್ಕದಲ್ಲಿ ಕುಳಿತು ಕೆಲಸ ನಡೆಯುವ ರೀತಿಯನ್ನು ನೋಡಲು ಅವಕಾಶ ಕೊಡಿ ಎಂದು ಕೇಳಿಕೊಂಡೆ, ಅವರು ಒಪ್ಪಿದರು.

ರೋಗಿಗಳ ಕಾರ್ಡುಗಳೆಲ್ಲ ಕ್ರಮಸಂಖ್ಯೆಯ ಪ್ರಕಾರ ಉಕ್ಕಿನ ಕಪಾಟಿನಲ್ಲಿದ್ದವು. ಹೆಸರಿನಿಂದ ಸಂಖ್ಯೆ ಹುಡುಕಲು ಅಕ್ಷರಾನುಕ್ರಮದ ದಪ್ಪ ರಿಜಿಸ್ಟರುಗಳಿದ್ದವು. ಆದರೆ ನಿಜವಾದ ಸೂಚಿ ಇದ್ದದ್ದು ಆ ಮೇಜಿನಲ್ಲಿ ಬಹುಕಾಲದಿಂದ ಕುಳಿತಿದ್ದ ಅಕ್ಕನವರ ನೆನಪಿನಲ್ಲಿ. ಯಾರಾದರೂ ಫೋನ್ ಮಾಡಿದರೆ ಅವರು ಹೆಸರು ಕೇಳಿದ ಮೇಲೆ, "ಯಾವ ರೋಡಿನವರು? ನಿಮ್ಮ ಅತ್ತೆಯವರಿಗೆ ಇಲ್ಲೇ ಸೆಟ್ ಮಾಡಿಸಿದ್ರಲ್ವಾ?" ಎಂದು ವಿಚಾರಿಸಿ, ರಿಜಿಸ್ಟರ್ ತೆರೆಯದೆಯೇ ಕಾರ್ಡು ತೆಗೆಯುತ್ತಿದ್ದರು. ಮಾರುಕಟ್ಟೆಯಲ್ಲಿ ಸಿಗುವ ಸಾಫ್ಟ್‌ವೇರುಗಳಲ್ಲಿ ಹಲವು ಮೊಬೈಲ್ ಸಂಖ್ಯೆಯನ್ನೇ ರೋಗಿಯ ಗುರುತಾಗಿ ಹಿಡಿಯುತ್ತವೆ. ಇದನ್ನು ಅವರಿಗೆ ತೋರಿಸಿದಾಗ ಅವರು ಕೂಡಲೇ ಹೇಳಿದ ಮಾತು ಇದು: "ಸರ್, ಒಂದೇ ನಂಬರಲ್ಲಿ ತಾತ, ಮಗಳು, ಮೊಮ್ಮಗ ಮೂರೂ ಜನ ಇರ್ತಾರೆ. ಮಗ ಅಮೆರಿಕಾದಲ್ಲಿದ್ರೆ ಪಕ್ಕದ ಮನೆಯವರ ನಂಬರ್ ಕೊಡ್ತಾರೆ. ನಂಬರ್ ನಂಬ್ಕೊಂಡ್ರೆ ಒಬ್ಬರ ಎಕ್ಸ್‌ರೇ ಇನ್ನೊಬ್ಬರ ಕಾರ್ಡಿಗೆ ಹೋಗತ್ತೆ."

ಇಡೀ ಯೋಜನೆಯ ತಳಹದಿ ಈ ಮಾತಿನ ಮೇಲೆ ನಿಂತಿತು. ಹಳೆಯ ಕಾರ್ಡಿನ ಕ್ರಮಸಂಖ್ಯೆಯನ್ನೇ ಹೊಸ ವ್ಯವಸ್ಥೆಯಲ್ಲೂ ರೋಗಿಯ ಸಂಖ್ಯೆಯಾಗಿ ಉಳಿಸಿಕೊಂಡೆವು; ಮೊಬೈಲ್ ಸಂಖ್ಯೆಯನ್ನು ಕುಟುಂಬದ ಸಂಪರ್ಕವೆಂದು ಮಾತ್ರ ಬರೆದೆವು; ಹುಟ್ಟಿದ ವರ್ಷ ಮತ್ತು ಬಡಾವಣೆಯ ಹೆಸರನ್ನು ಕಡ್ಡಾಯ ಮಾಡಿದೆವು. ಮಂಜುನಾಥ, ಲಕ್ಷ್ಮಿ, ವೆಂಕಟೇಶ ಎಂಬ ಹೆಸರುಗಳು ಈ ಭಾಗದಲ್ಲಿ ಎಷ್ಟು ಸಾಮಾನ್ಯವೆಂದು ಹೇಳಬೇಕಾಗಿಲ್ಲ. ಇನಿಷಿಯಲ್ ಕೆಲವರಿಗೆ ಹೆಸರಿನ ಮುಂದೆ, ಕೆಲವರಿಗೆ ಹಿಂದೆ. ಇಂಗ್ಲಿಷಿನಲ್ಲಿ ಬರೆದರೆ ಒಂದೇ ಹೆಸರಿಗೆ ನಾಲ್ಕು ಬಗೆಯ ಕಾಗುಣಿತ. ಆದ್ದರಿಂದ ಯೂನಿಕೋಡ್ ಕನ್ನಡದಲ್ಲಿ ಹೆಸರು ಬರೆದು ಹುಡುಕಲು ಬಿಡುವ ಸಾಫ್ಟ್‌ವೇರನ್ನೇ ಆರಿಸಬೇಕೆಂದು ನಾನು ಹಟ ಹಿಡಿದೆ. ಅಕ್ಕನವರು ಕೀಲಿಮಣೆ ಬಳಸಿದವರಲ್ಲವಾದರೂ ಮೊಬೈಲಿನಲ್ಲಿ ಕನ್ನಡ ಟೈಪಿಸಬಲ್ಲವರಾಗಿದ್ದರು. ಅದೇ ವಿನ್ಯಾಸವನ್ನು ಕಂಪ್ಯೂಟರಿನಲ್ಲೂ ಹಾಕಿಕೊಟ್ಟ ಮೇಲೆ ಅವರ ಕೈ ಬೇಗ ಪಳಗಿತು.

ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿಸಿಬಿಡೋಣ ಎಂಬ ಸಲಹೆ ಪ್ರತಿ ಕ್ಲಿನಿಕ್ಕಿನಲ್ಲೂ ಬರುತ್ತದೆ. ನಾನು ಅದಕ್ಕೆ ಒಪ್ಪುವುದಿಲ್ಲ. ವರ್ಷಗಟ್ಟಲೆ ಬಾರದವರ ಕಾರ್ಡಿಗೆ ಖರ್ಚು ಮಾಡುವುದಕ್ಕಿಂತ, ಮರುದಿನ ಬರುವವರ ಕಾರ್ಡುಗಳನ್ನು ಹಿಂದಿನ ಸಂಜೆ ತೆಗೆದು, ಎರಡೂ ಬದಿ ಸ್ಕ್ಯಾನ್ ಮಾಡಿ, ಔಷಧದ ಅಲರ್ಜಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಬಾಕಿ ಉಳಿದ ಚಿಕಿತ್ಸೆ ಇಷ್ಟನ್ನು ಮಾತ್ರ ಕೈಯಿಂದ ತುಂಬಿಸುವುದು ಹೆಚ್ಚು ಪ್ರಯೋಜನಕಾರಿ. ಉಳಿದ ಕಾರ್ಡುಗಳು ಕಪಾಟಿನಲ್ಲೇ ಕ್ಷೇಮವಾಗಿರುತ್ತವೆ.

ಹಳೆಯ ಎಕ್ಸ್‌ರೇ ಫಿಲ್ಮುಗಳದ್ದು ಬೇರೆಯೇ ಕಥೆ. ಬಾಯೊಳಗೆ ಇಡುವ ಆ ಪುಟ್ಟ ಫಿಲ್ಮಿನ ಒಂದು ಮೂಲೆಯಲ್ಲಿ ಉಬ್ಬಿದ ಚುಕ್ಕಿಯೊಂದಿರುತ್ತದೆ. ಉಬ್ಬು ನಮ್ಮ ಕಡೆಗಿದ್ದರೆ ನಾವು ರೋಗಿಯನ್ನು ಎದುರಿನಿಂದ ನೋಡುತ್ತಿದ್ದೇವೆಂದು ಅರ್ಥ, ಆಗ ರೋಗಿಯ ಬಲಭಾಗ ನಮ್ಮ ಎಡಕ್ಕೆ ಬರುತ್ತದೆ. ಫಿಲ್ಮ್ ಮಗುಚಿದರೆ ಬಲ ಎಡವಾಗುತ್ತದೆ, ಕಂಪ್ಯೂಟರಿಗೆ ಹೋದ ಚಿತ್ರದಲ್ಲಿ ಚುಕ್ಕಿ ಉಬ್ಬಿದೆಯೋ ತಗ್ಗಿದೆಯೋ ಎಂದು ಕಂಡುಹಿಡಿಯುವುದು ಕಷ್ಟ. ಕ್ಲಿನಿಕ್ಕಿನ ಸಹಾಯಕಿ ಪ್ರತಿ ಫಿಲ್ಮನ್ನೂ ಹೆಬ್ಬೆರಳಿನಿಂದ ಸವರಿ, ಉಬ್ಬು ಸಿಕ್ಕ ಬದಿಯನ್ನು ಮೇಲಕ್ಕೆ ಮಾಡಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ನೆಟ್ಟಗೆ ಮೇಲಿನಿಂದ ಫೋಟೊ ತೆಗೆದು, ಅಲ್ಲಿಯೇ ಹಲ್ಲಿನ ಸಂಖ್ಯೆ ಮತ್ತು ದಿನಾಂಕ ನಮೂದಿಸುತ್ತಿದ್ದರು. ಆ ಹೆಬ್ಬೆರಳಿನ ಪರೀಕ್ಷೆಯನ್ನು ಒಂದು ಫಿಲ್ಮಿಗೂ ತಪ್ಪಿಸದ ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ.

ಹಲ್ಲಿನ ಸಂಖ್ಯೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕಾಯಿತು. ನಮ್ಮ ವೈದ್ಯರು ಕಾರ್ಡಿನಲ್ಲಿ ಬರೆಯುತ್ತಿದ್ದದ್ದು ಹಳೆಯ ಪಾಮರ್ ಪದ್ಧತಿಯಲ್ಲಿ: ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಬಾಯಿಯನ್ನು ನಾಲ್ಕು ಭಾಗ ಮಾಡಿ, ನಡುಗೆರೆಯಿಂದ ಹೊರಕ್ಕೆ 1ರಿಂದ 8ರವರೆಗೆ ಎಣಿಸುವುದು. ಈಗ ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ವಿಶ್ವ ದಂತ ವೈದ್ಯರ ಒಕ್ಕೂಟದ, ಅಂದರೆ ಎಫ್‌ಡಿಐ ಎರಡಂಕಿ ಪದ್ಧತಿ. ಅದರಲ್ಲಿ ಮೊದಲ ಅಂಕಿ ಬಾಯಿಯ ಭಾಗವನ್ನೂ ಎರಡನೆಯದು ಹಲ್ಲಿನ ಸ್ಥಾನವನ್ನೂ ಹೇಳುತ್ತದೆ. ನಾವು ಆರಿಸಿದ ಸಾಫ್ಟ್‌ವೇರ್ ಮಾತ್ರ ಅಮೆರಿಕದ 1ರಿಂದ 32ರವರೆಗಿನ ಎಣಿಕೆಯೊಂದಿಗೆ ತೆರೆದುಕೊಳ್ಳುತ್ತಿತ್ತು. ಎಫ್‌ಡಿಐ ಪ್ರಕಾರ 16 ಎಂದರೆ ಮೇಲಿನ ಬಲಭಾಗದ ಮೊದಲ ದವಡೆ ಹಲ್ಲು. ಅಮೆರಿಕದ ಎಣಿಕೆಯಲ್ಲಿ 16 ಎಂದರೆ ಮೇಲಿನ ಎಡತುದಿಯ ಬುದ್ಧಿಹಲ್ಲು. ಎರಡೂ ಕಡೆ ಸಂಖ್ಯೆ ಸರಿಯಾಗಿಯೇ ಕಾಣುವುದರಿಂದ ಯಾವ ಗಣಕವೂ ಎಚ್ಚರಿಕೆ ಕೊಡುವುದಿಲ್ಲ, ಆದರೆ ಕೀಳಬೇಕಾದ ಹಲ್ಲು ಬೇರೆಯಾಗಿಬಿಡುತ್ತದೆ. ಸೆಟ್ಟಿಂಗ್ ಬದಲಿಸಿದ ಮೇಲೂ, ಸಂಖ್ಯೆಯ ಪಕ್ಕದಲ್ಲಿ ‘ಮೇಲೆ ಬಲ’, ‘ಕೆಳಗೆ ಎಡ’ ಎಂದು ಕನ್ನಡದಲ್ಲಿ ಮೂಡುವಂತೆ ಮಾಡಿಸಿದೆ. ಕ್ಯಾಪ್ ತಯಾರಿಸುವ ಲ್ಯಾಬಿಗೆ ಹೋಗುವ ಚೀಟಿಯ ಮೇಲೂ ಅದು ಮುದ್ರಣವಾಗುತ್ತದೆ.

ದಾಖಲೆಗಳು ಒಂದು ಹದಕ್ಕೆ ಬಂದ ನಂತರವೇ, ಫಿಲ್ಮಿನ ಬದಲು ಬಾಯೊಳಗಿಟ್ಟು ಚಿತ್ರವನ್ನು ನೇರವಾಗಿ ಕಂಪ್ಯೂಟರಿಗೆ ಕಳಿಸುವ ಎಕ್ಸ್‌ರೇ ಸೆನ್ಸರಿಗೆ ಕೈ ಹಾಕಿದೆವು. ಹಲ್ಲಿನ ವೈದ್ಯರೆಲ್ಲ ಆರ್‌ವಿಜಿ ಎಂದು ಕರೆಯುವ ಈ ತಂತ್ರ ಫ್ರಾನ್ಸಿನಲ್ಲಿ ರೂಪುಗೊಂಡು 1987ರಲ್ಲಿ ಮಾರುಕಟ್ಟೆಗೆ ಬಂದದ್ದು. ಜರ್ಮನಿಯ ಒಟ್ಟೊ ವಾಲ್ಕಾಫ್ 1896ರಲ್ಲಿ ತಮ್ಮದೇ ಹಲ್ಲುಗಳ ಎಕ್ಸ್‌ರೇ ಪಡೆಯಲು 25 ನಿಮಿಷ ಅಲುಗದೆ ಇರಬೇಕಾಗಿತ್ತು ಎಂಬುದನ್ನು ನೆನೆದರೆ, ಈಗ ಸೆಕೆಂಡಿನ ಸಣ್ಣ ಭಾಗವೊಂದು ಸಾಕಾಗುವುದು ದೊಡ್ಡ ಮಾತೇ. ಆದರೆ ಫಿಲ್ಮಿಗೆ ಹೊಂದಿಸಿದ ಹಳೆಯ ಎಕ್ಸ್‌ರೇ ಯಂತ್ರದ ಟೈಮರ್ ಅಷ್ಟು ಕಡಿಮೆ ಸಮಯಕ್ಕೆ ಇಳಿಯುತ್ತದೆಯೇ ಎಂದು ನೋಡದೆ ಸೆನ್ಸರ್ ಕೊಳ್ಳಬಾರದು. ನಾವು ರೋಗಿಯ ಮೇಲೆ ಪ್ರಯೋಗ ಮಾಡಲಿಲ್ಲ. ಹಿಂದೆ ಕಿತ್ತಿದ್ದ ಹಲ್ಲೊಂದನ್ನು ಮೇಣದಲ್ಲಿ ನಿಲ್ಲಿಸಿ, ಕೆಳಗೆ ಸೆನ್ಸರ್ ಇಟ್ಟು, ಎಲ್ಲರೂ ಕೋಣೆಯಿಂದ ಹೊರಗೆ ಹೋಗಿ, ಸಮಯವನ್ನು ಹಂತಹಂತವಾಗಿ ಇಳಿಸುತ್ತಾ ಬಂದೆವು. ಸಮಯ ಹೆಚ್ಚಾದಾಗ ಬೇರಿನ ತುದಿಯ ತೆಳು ಭಾಗ ಕಪ್ಪಿನಲ್ಲಿ ಕರಗಿಹೋಗುತ್ತಿತ್ತು. ತೀರಾ ಕಡಿಮೆಯಾದಾಗ ಚಿತ್ರದ ತುಂಬ ರವೆಯಂತೆ ಕಾಳುಕಾಳು. ನಡುವಿನ ಹದ ಸಿಕ್ಕಾಗ, ಬೇರಿನೊಳಗಿನ ಕಾಲುವೆ ತುದಿಯವರೆಗೂ ಸ್ಪಷ್ಟವಾಗಿ ಕಂಡಿತು. ಮುಂಭಾಗ, ದವಡೆ, ಮಕ್ಕಳು ಎಂದು ಬೇರೆಬೇರೆ ಸಮಯಗಳ ಪಟ್ಟಿ ಬರೆದು, ನಿಜವಾದ ಚಿತ್ರಗಳು ಬಂದಂತೆ ವೈದ್ಯರು ಅದನ್ನು ತಿದ್ದಿಕೊಂಡರು.

ಸೆನ್ಸರ್ ಫಿಲ್ಮಿನಂತೆ ಬಾಗುವುದಿಲ್ಲ, ದಪ್ಪವೂ ಹೆಚ್ಚು. ಕೆಳದವಡೆಯ ಒಳಬದಿಗೆ ಇಡುವಾಗ ರೋಗಿಗೆ ಒತ್ತುತ್ತದೆ. ಬಿಸಿ ಹಬೆಯಲ್ಲಿ ಉಪಕರಣಗಳನ್ನು ಶುದ್ಧಗೊಳಿಸುವ ಆಟೋಕ್ಲೇವಿಗೆ ಹಾಕುವಂತಿಲ್ಲವಾದ್ದರಿಂದ ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಕವಚ ಬೇಕು. ಹೆಚ್ಚು ಕೆಡುವುದು ಅದರ ಕೇಬಲ್ಲು, ಹಾಗಾಗಿ ಕೇಬಲ್ ಹಿಡಿದು ಎಳೆಯದೆ ಗೋಡೆಯ ಕೊಕ್ಕೆಗೆ ಸಡಿಲವಾಗಿ ತೂಗುಹಾಕುವುದನ್ನು ಸಹಾಯಕಿಗೆ ಮೊದಲು ಕಲಿಸಿದೆ. ಸೆನ್ಸರಿನ ಸೀರಿಯಲ್ ಸಂಖ್ಯೆಗೆ ಸೇರಿದ, ಚಿತ್ರವನ್ನು ಸರಿಹೊಂದಿಸುವ ಕ್ಯಾಲಿಬ್ರೇಶನ್ ಫೈಲನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಕಂಪ್ಯೂಟರ್ ಬದಲಿಸಿದ ದಿನ ಅದಿಲ್ಲದೆ ಸರಿಯಾದ ಚಿತ್ರ ಬರುವುದಿಲ್ಲ. ಕತ್ತಲೆ ಕೋಣೆಯಲ್ಲಿ ಉಳಿದಿದ್ದ, ಫಿಲ್ಮ್ ತೊಳೆಯಲು ಬಳಸುತ್ತಿದ್ದ ಡೆವಲಪರ್, ಫಿಕ್ಸರ್ ದ್ರವಗಳನ್ನು ಸಿಂಕಿಗೆ ಸುರಿಯಲು ಬಿಡಲಿಲ್ಲ. ಬೆಳ್ಳಿಯ ಅಂಶವಿರುವ ಆ ದ್ರವ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಡಿ ಹಳದಿ ವರ್ಗಕ್ಕೆ ಸೇರುತ್ತದೆ. ಎಕ್ಸ್‌ರೇ ಯಂತ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಜಾಲತಾಣದಲ್ಲಿ ನೋಂದಣಿಯಾಗಿರುವುದನ್ನೂ ಈ ಸಂದರ್ಭದಲ್ಲೇ ಖಚಿತಪಡಿಸಿಕೊಂಡೆವು.

ವಿದ್ಯುತ್ತಿನ ವ್ಯವಸ್ಥೆ ಸರಳವಾಗಿತ್ತು: ಕಂಪ್ಯೂಟರಿಗೂ ರೂಟರಿಗೂ ಎಸ್.ಪಿ. ರಸ್ತೆಯಿಂದ ತಂದ ಯುಪಿಎಸ್, ಎಕ್ಸ್‌ರೇ ಯಂತ್ರಕ್ಕೆ ಪ್ರತ್ಯೇಕ ಲೈನು. ದಾಖಲೆಗಳ ಒಂದು ಪ್ರತಿ ಕ್ಲಿನಿಕ್ಕಿನಲ್ಲಿ, ಒಂದು ವೈದ್ಯರ ಮನೆಗೆ ಹೋಗುವ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡಿನಲ್ಲಿ. ತಿಂಗಳಿಗೊಮ್ಮೆ ಡಿಸ್ಕಿನಿಂದ ಯಾವುದಾದರೂ ಒಂದು ಕಾರ್ಡನ್ನು ಮರಳಿ ತೆರೆದು ನೋಡುವುದು ಅಕ್ಕನವರ ಜವಾಬ್ದಾರಿ.

ಒಪ್ಪಿಗೆ ಪತ್ರಗಳ ವಿಷಯವನ್ನು ಹೇಳಲೇಬೇಕು. ಚಿಕಿತ್ಸೆಗೆ ರೋಗಿ ಸಹಿ ಹಾಕುವ ಕನ್ನಡ ಪತ್ರಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದುದರಿಂದ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡವು. ಅವನ್ನು ಇಂಗ್ಲಿಷಿನಲ್ಲೇ ಇಟ್ಟುಬಿಡಿ ಎಂದವರಿದ್ದರು. ವೈದ್ಯರು ಒಪ್ಪದೆ, ಪ್ರತಿಯೊಂದನ್ನೂ ಮತ್ತೆ ಬರೆಸಿ ತಾವೇ ಓದಿ ತಿದ್ದಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಮಾಹಿತಿ ಪಡೆಯುವ ಮುನ್ನ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆನ್ನುತ್ತದೆ. ತನ್ನ ಬಾಯಿಯ ಚಿತ್ರಗಳು ಎಲ್ಲಿರುತ್ತವೆ, ಯಾರು ನೋಡುತ್ತಾರೆ ಎಂಬುದನ್ನು ರೋಗಿ ತನ್ನ ಭಾಷೆಯಲ್ಲಿ ತಿಳಿಯುವುದು ನ್ಯಾಯ. ಎಕ್ಸ್‌ರೇಗಳನ್ನು ಸಿಬ್ಬಂದಿಯ ಸ್ವಂತ ವಾಟ್ಸಾಪಿನಿಂದ ಕಳಿಸುವುದನ್ನೂ ಆಗಲೇ ನಿಲ್ಲಿಸಿ, ಕ್ಲಿನಿಕ್ಕಿಗೇ ಪ್ರತ್ಯೇಕ ಫೋನ್ ಇಟ್ಟೆವು.

ವೈದ್ಯರು ಮೊದಲು ಕೇಳಿದ್ದ ಬಾಯಿಯ ಸ್ಕ್ಯಾನರ್ ಇನ್ನೂ ಬಂದಿಲ್ಲ. ಅವರ ಕ್ಯಾಪುಗಳನ್ನು ಮಾಡಿಕೊಡುವ ಲ್ಯಾಬ್, ಸ್ಕ್ಯಾನರ್ ಕೊಡುವ ಮೂರು ಆಯಾಮದ ಆಕಾರದ ಎಸ್‌ಟಿಎಲ್ ಫೈಲುಗಳನ್ನು ಸ್ವೀಕರಿಸಿ ಕೆಲಸ ಮಾಡಬಲ್ಲದೇ ಎಂದು ತಿಳಿಯಲು, ಎರವಲು ಪಡೆದ ಸ್ಕ್ಯಾನರಿನಿಂದ ಒಂದೇ ಹಲ್ಲಿನ ಅಳತೆಯನ್ನೂ, ಅದೇ ಹಲ್ಲಿನ ಪೇಸ್ಟಿನ ಅಳತೆಯನ್ನೂ ಕಳಿಸಿದ್ದೇವೆ. ಎರಡರಿಂದಲೂ ಮಾಡಿದ ಕ್ಯಾಪುಗಳು ಬಂದ ಮೇಲೆ, ಅಂಚು ಯಾವುದರಲ್ಲಿ ಸರಿಯಾಗಿ ಕೂರುತ್ತದೆಂದು ವೈದ್ಯರು ಪರೀಕ್ಷಿಸಿ ಖರೀದಿಯನ್ನು ತೀರ್ಮಾನಿಸಲಿದ್ದಾರೆ.