ಮೊದಲು ಓಪಿಡಿ, ಆಮೇಲೆ ನೊಣ

ನಾನು ದಾವಣಗೆರೆಯಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರದ ಮೇಡಂ. ನಮ್ಮ ಲ್ಯಾಬ್‌ನಲ್ಲಿ ಇಲಿಮನೆ ಇಲ್ಲ, ದುಬಾರಿ ಮೈಕ್ರೋಸ್ಕೋಪ್ ಇಲ್ಲ. ಆದರೂ ಟ್ರಾನ್ಸ್‌ಲೇಷನಲ್ ನ್ಯೂರೋಸೈನ್ಸ್ ಕಡೆ ಹೋಗಬೇಕು ಅನ್ನುವ ಹುಡುಗ ಹುಡುಗಿಯರನ್ನು ಕೆಲವು ವರ್ಷಗಳಿಂದ ತಯಾರು ಮಾಡುತ್ತಿದ್ದೇನೆ. ರೋಗಿಯಲ್ಲಿ ಕಂಡದ್ದನ್ನು ಲ್ಯಾಬ್‌ಗೆ ತರೋದು, ಲ್ಯಾಬ್‌ನಲ್ಲಿ ಸಿಕ್ಕಿದ್ದನ್ನು ರೋಗಿಯ ಹತ್ತಿರ ಒಯ್ಯೋದು, ಈ ಓಡಾಟವೇ ಆ ಕೆಲಸ.

ನಮ್ಮ ಮಕ್ಕಳಿಗೆ ಪುಸ್ತಕ ಚೆನ್ನಾಗಿ ಗೊತ್ತು. ನರಕೋಶದ ಚಿತ್ರ ಬರೆಯಿರಿ ಅಂದರೆ ಕಣ್ಣು ಮುಚ್ಚಿ ಬರೆಯುತ್ತಾರೆ. ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ ಇರುವವರು ಹೇಗೆ ನಡೀತಾರೆ ಅಂತ ಕೇಳಿದರೆ ಮಾತ್ರ ಕ್ಲಾಸ್ ಪೂರ್ತಿ ಗಪ್‌ಚುಪ್. ಅದಕ್ಕೇ ನಾನು ಓಪಿಡಿಯಿಂದ, ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗದಿಂದ ಶುರು ಮಾಡುತ್ತೇನೆ. ಪರಿಚಯದ ನರರೋಗ ತಜ್ಞರೊಬ್ಬರು ರೋಗಿಯ ಒಪ್ಪಿಗೆ ಕೇಳಿ ನಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಮೂಲೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಫೋನ್ ಹೊರಗೆ. ಕಾಯಿಲೆಯ ಹೆಸರು ಬರೆಯುವಂತಿಲ್ಲ, ಕಂಡದ್ದನ್ನಷ್ಟೇ ಬರೆಯಬೇಕು.

ಒಬ್ಬಳು ಬರೆದು ತಂದಿದ್ದು ಹೀಗಿತ್ತು: "ಅಜ್ಜ ನಡೆಯುವಾಗ ಬಲಗೈ ಬೀಸುವುದಿಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಬರೆಸಿದರು, ಅಕ್ಷರ ಸಣ್ಣದಾಗುತ್ತಾ ಹೋಯಿತು. ಹೆಬ್ಬೆರಳಿಗೆ ತೋರುಬೆರಳು ತಟ್ಟಿ ಅಂದಾಗ ಮೊದಲು ದೊಡ್ಡದಾಗಿ ತಟ್ಟಿದರು, ಆಮೇಲೆ ಬೆರಳು ತೆರೆಯುವುದೇ ಕಮ್ಮಿ ಆಯಿತು." ಇಷ್ಟು ನೋಡಲು ಬಂದರೆ ಸಾಕು, ಮುಂದಿನದ್ದನ್ನು ಕಲಿಸಬಹುದು.

ಆಮೇಲೆ ಔಷಧಿಯ ಕಥೆ. ಸರ್ಪಗಂಧಿ ಬೇರಿನಿಂದ ಬಂದ ರಿಸರ್ಪೀನ್ ಕೊಟ್ಟರೆ ಮೊಲಗಳು ಅಲ್ಲಾಡದೆ ಬಿದ್ದುಬಿಡುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವಕ್ಕೆ ಎಲ್‌-ಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ವಸ್ತು) ಕೊಟ್ಟರು, ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದಲ್ಲಿ ಹಾರ್ನಿಕಿವಿಚ್ ಮತ್ತು ಎಹ್ರಿಂಗರ್, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಡೋಪಮೈನ್, ಅಂದರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ, ತೀರಾ ಕಮ್ಮಿ ಇದ್ದದ್ದನ್ನು ಕಂಡರು. ಮರುವರ್ಷವೇ ರೋಗಿಗಳಿಗೆ ಎಲ್‌-ಡೋಪಾ ಇಂಜೆಕ್ಷನ್. ಅದನ್ನು ಬಾಯಿ ಮೂಲಕ ಸ್ವಲ್ಪಸ್ವಲ್ಪವೇ ಏರಿಸಿ ಕೊಟ್ಟರೆ ದಿನನಿತ್ಯಕ್ಕೆ ಆಗುತ್ತದೆ ಎಂದು ಅಮೆರಿಕದ ಕೋಟ್ಸಿಯಾಸ್ ತೋರಿಸಿದ್ದು 1967ರಲ್ಲಿ. ಮೊಲ, ಸತ್ತವರ ಮಿದುಳು, ಬದುಕಿರುವ ರೋಗಿ, ಈ ಮೂರೂ ಒಂದೇ ಸಾಲಿನಲ್ಲಿ ನಿಲ್ಲುವ ಕಥೆ ಇದಕ್ಕಿಂತ ಚೆನ್ನಾಗಿ ಇನ್ನೊಂದು ನನಗೆ ಗೊತ್ತಿಲ್ಲ.

ಎಲ್‌-ಡೋಪಾ ನಸುಗುನ್ನಿ ಬೀಜದಲ್ಲೂ ಇದೆ, 1937ರಲ್ಲೇ ನಮ್ಮ ದೇಶದ ದಾಮೋದರನ್, ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು ಅಂದರೆ ಹಳ್ಳಿ ಹುಡುಗರು ನಗುತ್ತಾರೆ. "ಮೈಗೆ ತಾಗಿದರೆ ತುರಿಸುತ್ತಲ್ಲ, ಅದಾ ಮೇಡಂ?" ಪ್ರತಿ ಬ್ಯಾಚಿನಲ್ಲೂ ಒಬ್ಬ ಅಜ್ಜನಿಗೆ ಆ ಪುಡಿ ಕೊಡಬಹುದಾ ಅಂತ ಕೇಳೇ ಕೇಳುತ್ತಾನೆ. ಬೀಜದಿಂದ ಬೀಜಕ್ಕೆ ಎಲ್‌-ಡೋಪಾ ಪ್ರಮಾಣ ಬದಲಾಗುತ್ತದೆ. ಡಾಕ್ಟರ್ ಕೊಡುವ ಮಾತ್ರೆಯಲ್ಲಿ ಕಾರ್ಬಿಡೋಪಾ ಕೂಡ ಇರುತ್ತದೆ, ಎಲ್‌-ಡೋಪಾ ಮಿದುಳು ತಲುಪುವ ಮೊದಲೇ ಡೋಪಮೈನ್ ಆಗಿಬಿಡದಂತೆ ಅದು ತಡೆಯುತ್ತದೆ. "ಗಿಡದಲ್ಲಿದೆ" ಅನ್ನೋದಕ್ಕೂ "ಔಷಧಿ ಆಯಿತು" ಅನ್ನೋದಕ್ಕೂ ಎಷ್ಟು ದೂರ ಅನ್ನೋದು ಆ ಪ್ರಶ್ನೆಯಿಂದಲೇ ಅರ್ಥವಾಗುತ್ತದೆ.

ಪ್ರಯೋಗಕ್ಕೆ ಬಂದರೆ ನಮಗೆ ಹಣ್ಣಿನ ನೊಣವೇ ಗತಿ. ಇಲಿ ಇಟ್ಟುಕೊಳ್ಳಲು ಪ್ರಾಣಿ ನೈತಿಕ ಸಮಿತಿ, ನೋಂದಣಿ ಎಲ್ಲಾ ಬೇಕು. ನೊಣಕ್ಕೆ ಆ ತಾಪತ್ರಯ ಇಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ನೊಣದ ಮುಖ್ಯ ಆಹಾರ ಮೆಕ್ಕೆಜೋಳದ ಹಿಟ್ಟು, ಅದಕ್ಕೆ ನಮ್ಮ ಜಿಲ್ಲೆಯಲ್ಲಿ ಬರವೇ? ಜೊತೆಗೆ ಬೆಲ್ಲ, ಯೀಸ್ಟ್, ಅಗಾರ್, ಬೂಸ್ಟು ಬರದಿರಲಿ ಅಂತ ಒಂಚೂರು ಪ್ರೊಪಿಯಾನಿಕ್ ಆಸಿಡ್. ಕಷ್ಟ ಕೊಡೋದು ಏಪ್ರಿಲ್ ಬಿಸಿಲು. ನೊಣಕ್ಕೆ 25 ಡಿಗ್ರಿ ಹಿತ. 30 ದಾಟಿದರೆ ಗಂಡು ನೊಣ ಬಂಜೆಯಾಗಿ ಮರಿಯೇ ಆಗುವುದಿಲ್ಲ. ಒಂದೇ ಉಷ್ಣಾಂಶ ಕಾಯ್ದಿಡುವ ಹಳೆಯ ಬಿಒಡಿ ಇನ್‌ಕ್ಯುಬೇಟರ್ ಒಂದನ್ನು ರಿಪೇರಿ ಮಾಡಿಸಿ ಇಟ್ಟುಕೊಂಡಿದ್ದೇವೆ. ಕರೆಂಟ್ ಹೋದರೆ ಐಸ್ ಪ್ಯಾಕ್.

ರೋಟೆನೋನ್ ಅನ್ನುವ ವಿಷ ಬೆರೆಸಿದ ಆಹಾರ ತಿಂದ ನೊಣಗಳಿಗೆ, ಪಾರ್ಕಿನ್ಸನ್ ಬಂದವರ ಹಾಗೆ ಚಲನೆ ಮಂದವಾಗಿ, ಬಾಟಲಿಯ ಗೋಡೆ ಹತ್ತುವ ಶಕ್ತಿ ಕುಗ್ಗುತ್ತದೆ. ಬಾಟಲಿಯನ್ನು ಮೆತ್ತಗೆ ಕುಟ್ಟಿದರೆ ಎಲ್ಲಾ ತಳಕ್ಕೆ ಬೀಳುತ್ತವೆ. 10 ಸೆಕೆಂಡಿನಲ್ಲಿ ಎಷ್ಟು ನೊಣ ಬಾಟಲಿಯ ಮೇಲೆ ಎಳೆದ ಗೆರೆ ದಾಟಿದವು ಅಂತ ಎಣಿಸಬೇಕು, ಅಷ್ಟೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಇದೇ ರೋಟೆನೋನ್ ನೊಣಗಳಿಗೆ ಬ್ರಾಹ್ಮಿ ಕೊಟ್ಟು ನೋಡಿದ ಪೇಪರ್ 2009ರಲ್ಲಿ ಬಂದಿದೆ. ಅದನ್ನು ಎಲ್ಲರಿಂದಲೂ ಓದಿಸುತ್ತೇನೆ.

ನಾನು ಜಾಸ್ತಿ ಹಟ ಹಿಡಿಯುವುದು ಎಣಿಕೆಯಲ್ಲೇ. ಯಾವ ಬಾಟಲಿಯಲ್ಲಿ ವಿಷ ಇದೆ ಅಂತ ಎಣಿಸುವವರಿಗೆ ಗೊತ್ತಿರಬಾರದು. ಚೀಟಿ ಅಂಟಿಸುವವನು ಬೇರೆ, ಎಣಿಸುವವಳು ಬೇರೆ. ಒಬ್ಬ ಹುಡುಗ ವಿಷವಿಲ್ಲದ ಬಾಟಲಿಯ ಸೋಮಾರಿ ನೊಣಗಳನ್ನು "ಇವಕ್ಕೆ ಹುಷಾರಿಲ್ಲ" ಅಂತ ಪಕ್ಕಕ್ಕೆ ಹಾಕುತ್ತಿದ್ದ. ಮೋಸದ ಉದ್ದೇಶ ಏನಿರಲಿಲ್ಲ, ಗ್ರಾಫ್ ಚೆಂದ ಬರಲಿ ಅಂತ ಆಸೆ. ಯಾವ ನೊಣವನ್ನು ಬಿಡಬೇಕು ಅನ್ನುವ ನಿಯಮವನ್ನು ಎಣಿಸುವ ಮೊದಲೇ ಬರೆದಿಡಬೇಕು, ಆಮೇಲೆ ಅಲ್ಲ. ಇದು ಕೈಗೆ ಹತ್ತದವರು ನಾಳೆ ಔಷಧಿ ಪರೀಕ್ಷೆಯಲ್ಲಿ ರೋಗಿಗಳನ್ನೂ ಹಾಗೇ ಪಕ್ಕಕ್ಕೆ ಹಾಕಿಬಿಡುತ್ತಾರೆ. ಲ್ಯಾಬ್ ಕಲಿಕೆಯಲ್ಲಿ ಬೇರೆಲ್ಲದಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ರೋಟೆನೋನ್ ಮೂಲತಃ ಕೀಟನಾಶಕ. ಹಾಗಾಗಿ "ನಮ್ಮ ಹೊಲಕ್ಕೆ ಹೊಡೆಯೋ ಕಳೆನಾಶಕ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟು ಕಂಡ ಅಧ್ಯಯನಗಳಿವೆ. ನಂಟು ಕಂಡಿತು ಅಂದರೆ ಕಾರಣ ಸಿಕ್ಕಿತು ಅಂತಲ್ಲ ಎಂದು ಬಿಡಿಸಿ ಹೇಳಲು ಒಂದು ಮಧ್ಯಾಹ್ನ ಬೇಕು. ಸುಮ್ನೆ ಸ್ಲೈಡ್ ತೋರಿಸಿದರೆ ಆಗದು, ಅವರವರ ಊರಿನ ಉದಾಹರಣೆ ಇಟ್ಟುಕೊಂಡೇ ಜಗಳ ಆಡಬೇಕು.

ಕಂಪ್ಯೂಟರ್ ಕೆಲಸಕ್ಕೆ ಲ್ಯಾಬೇ ಬೇಡ. ಫಿಸಿಯೋನೆಟ್ ಅನ್ನುವ ವೆಬ್‌ಸೈಟ್‌ನಲ್ಲಿ ಮೂರ್ಛೆರೋಗದ ಮಕ್ಕಳ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ) ದಾಖಲೆಗಳು ಪುಕ್ಕಟೆ ಸಿಗುತ್ತವೆ, ಸೆಕೆಂಡಿಗೆ 256 ಅಳತೆಗಳಂತೆ. ಪೈಥಾನ್‌ನಲ್ಲಿ ತೆರೆದು, ಫಿಟ್ಸ್ ಎಲ್ಲಿ ಶುರುವಾಯಿತು ಅಂತ ಕಣ್ಣಲ್ಲೇ ಹುಡುಕಿ ಅನ್ನುತ್ತೇನೆ. ಪ್ರೋಗ್ರಾಂ ಆಮೇಲೆ.

ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತೇವೆ. ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂನಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದಾಗ ಮಾತಿನ ಮಲ್ಲರೂ ಸುಮ್ಮನಾಗುತ್ತಾರೆ. ಸಂಶೋಧನೆಗೆ ಮಿದುಳುಗಳನ್ನು ಕಾಪಿಡುವ ಅಲ್ಲಿನ ಬ್ರೈನ್ ಬ್ಯಾಂಕ್ 1995ರಿಂದ ಇದೆ. ವಯಸ್ಸಾದವರ ಮಿದುಳಿನ ಆರೋಗ್ಯವನ್ನು ಹಳ್ಳಿಯಲ್ಲೇ ಅಧ್ಯಯನ ಮಾಡುವ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ, ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕಡೆಯಿಂದ. ಅಲ್ಲಿ ಮನೆಮನೆಗೆ ಹೋಗಿ ಕನ್ನಡದಲ್ಲಿ ಮಾತಾಡಿಸಬಲ್ಲವರು ಬೇಕು. ನಮ್ಮ ಮಕ್ಕಳು ಅದರಲ್ಲಿ ಯಾರಿಗೂ ಕಮ್ಮಿ ಇಲ್ಲ.

ಬೇಸಿಗೆ ಇಂಟರ್ನ್‌ಶಿಪ್‌ಗೆ ಮೂರು ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿ ಹಾಕಿಸುತ್ತೇನೆ. ಪ್ರೊಫೆಸರುಗಳಿಗೆ ಬರೆಯುವ ಮೇಲ್‌ನಲ್ಲಿ "ನನಗೆ ತುಂಬಾ ಆಸಕ್ತಿ ಇದೆ" ಅನ್ನುವ ಸಾಲನ್ನು ಹೊಡೆದು ಹಾಕುತ್ತೇನೆ. ಅದರ ಬದಲು "ನಿಮ್ಮ ಪೇಪರಿನ ಈ ಚಿತ್ರ ನನಗೆ ಅರ್ಥವಾಗಲಿಲ್ಲ, ಯಾಕೆಂದರೆ..." ಅಂತ ಶುರುವಾಗಬೇಕು. ಅಂಥ ಮೇಲ್‌ಗೆ ಉತ್ತರ ಬರುತ್ತದೆ.

ಅಪ್ಪ ಅಮ್ಮ ಬಂದು ಕೇಳುವುದು ಒಂದೇ: "ಬಿಎಡ್ ಮಾಡಿಸಿದ್ರೆ ಒಳ್ಳೇದಲ್ವಾ ಮೇಡಂ?" ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಸರ್ಕಾರಿ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ. ಪಿಎಚ್‌ಡಿಗೆ ಐದಾರು ವರ್ಷ. ಎಲ್ಲರೂ ಪಿಎಚ್‌ಡಿ ಮಾಡಲೇಬೇಕು ಅಂತೇನೂ ಇಲ್ಲ. ಔಷಧಿ ಪರೀಕ್ಷೆಗಳಲ್ಲಿ ಕೋಆರ್ಡಿನೇಟರ್, ಪ್ರಾಜೆಕ್ಟ್ ಅಸಿಸ್ಟೆಂಟ್, ಡೇಟಾ ನೋಡಿಕೊಳ್ಳುವ ಕೆಲಸಗಳೂ ಇವೆ. ಓಪಿಡಿಯಲ್ಲಿ ಕೂತು ನೋಡಿದ ಹುಡುಗಿಗೆ ಆ ಕೆಲಸ ಬೇಗ ಕೈವಶವಾಗುತ್ತದೆ. ಮಗಳ ನೋಟ್‌ಬುಕ್ ತೆಗೆದು ಅವರ ಕೈಗೇ ಕೊಟ್ಟು, ಓದಿ ನೋಡಿ, ಆಮೇಲೆ ಬಿಎಡ್ ವಿಷಯ ಮಾತಾಡೋಣ ಅನ್ನುತ್ತೇನೆ.